ಗುಡಿಸಿದ ಅಂಗಳದ ಸುಂಟರಗಾಳಿ

ಗುಲಾಬಿ ಬಣ್ಣದ ಪ್ಲಾಸ್ಟಿಕ್ ತೊಟ್ಟೆ, ಯಾವುದೋ ಬಟ್ಟೆ ಅಂಗಡಿಯದ್ದು, ಸುಳ್ಯ ಬಸ್ ನಿಲ್ದಾಣದ ಮೂಲೆಯಲ್ಲಿ ಸುತ್ತುತ್ತಿದೆ, ಒಂದು ಸುತ್ತು, ಇನ್ನೊಂದು, ಇನ್ನೇನು ಕೂತಿತು ಅನ್ನುವಾಗ ಮಡಿಕೇರಿ ಬಸ್ಸು ಹಿಂದಕ್ಕೆ ಬಂದು ಅದನ್ನು ಮತ್ತೆ ಎಬ್ಬಿಸಿತು — ಕಿಟಕಿಯಿಂದ ಕಣ್ಣು ತೆಗೆ ಭವಿತಾ, ನನಗೆ ನಾನೇ ಹೇಳಿಕೊಂಡೆ, ನಿನ್ನ ಗಾಳಿ ಇಲ್ಲಿದೆ, ಕಂಪ್ಯೂಟರಿನೊಳಗೆ, ಅದನ್ನು ಗಾಳಿ ಅನ್ನುವುದಕ್ಕೂ ನಾಚಿಕೆ, ರಬ್ಬರ್ ಶೀಟು ಒಣಗಿಸುವ ಹೊಗೆಗೂಡಿನ ಹೊಗೆಯ ಹಾಗೆ ಸೋಮಾರಿಯಾಗಿ ಮೇಲೇರುತ್ತದೆ, ತಿರುಗುವುದೇನೋ ತಿರುಗುತ್ತದೆ, ಆದರೆ ಕಾಲಿಲ್ಲ, ನೆಲದಿಂದ ಒಂದಾಳೆತ್ತರದಲ್ಲಿ ತೂಗಾಡುತ್ತದೆ, ಸುಂಟರಗಾಳಿ ಎಂದ ಮೇಲೆ ನೆಲ ಮುಟ್ಟಬೇಡವೇ. ಮುಟ್ಟದಿದ್ದರೆ ಸೋಮವಾರದಿಂದ ಪುತ್ತೂರಿನ ಕಂಪ್ಯೂಟರ್ ಕ್ಲಾಸಿನಲ್ಲಿ ಮಕ್ಕಳಿಗೆ ಟೈಪಿಂಗ್ ಕಲಿಸುವ ಕೆಲಸ, ಅವ್ವನಿಗೆ ಮಾತು ಕೊಟ್ಟಾಗಿದೆ, ಮೊದಲ ಆರ್ಡರ್ ಕೈಕೊಟ್ಟರೆ ಈ ರೂಮಿಗೆ ಬೀಗ, ಅವ್ವ ಅಂದದ್ದು ಈಗಲೂ ಕಿವಿಯಲ್ಲಿದೆ, ಗಾಳಿ ಮಾಡ್ಲಿಕ್ಕೆ ಅಷ್ಟು ದೊಡ್ಡ ಕಂಪ್ಯೂಟರ್ ಎಂತಕ್ಕೆ, ಒಂದು ಫ್ಯಾನ್ ಸಾಲುದಿಲ್ವಾ, ನಗು ಬಂತು ಆಗ, ಈಗಲೂ ಬರುತ್ತದೆ.

ಆರ್ಡರ್ ಕೊಟ್ಟವರು ಅಬ್ದುಲ್ ರಹ್ಮಾನ್ ಹಾಜಿ, ಮನೆಯ ಮಾಡಿಗೆ ಹೆಂಚಿನ ಬದಲು ಹಾಕುವ ಶೀಟಿನ ಅಂಗಡಿಯವರು, ಅಂಗಡಿಯ ಜಾಹೀರಾತಿನ ವಿಡಿಯೋಗೆ ಅವರಿಗೊಂದು ಗ್ರಾಫಿಕ್ಸ್ ಗಾಳಿ ಬೇಕು, ಇಡೀ ಊರು ನಡುಗ್ಬೇಕು, ನಮ್ಮ ಶೀಟು ಮಾತ್ರ ಅಲ್ಲಾಡ್ಬಾರ್ದು, ನಿನ್ನಿಂದ ಆಗುದಾದ್ರೆ ಹೇಳು ಮಗಳೇ, ಇಲ್ಲದಿದ್ರೆ ಮಂಗಳೂರಿನವ್ರಿಗೆ ಕೊಡ್ತೇನೆ, ಬೇಜಾರು ಮಾಡ್ಬೇಡ — ಆಗ್ತದೆ ಹಾಜಿಯವ್ರೇ, ಅಂದದ್ದು ನಾನೇ, ನನ್ನ ಬಾಯಿ ಯಾವಾಗಲೂ ನನಗಿಂತ ಮುಂದೆ ಓಡುತ್ತದೆ. ಇವತ್ತು ಸಂಜೆಯ ಅಸರ್ ನಮಾಜು ಮುಗಿಸಿ ನೋಡಲು ಬರುತ್ತಾರೆ. ಮಾಡದ ಪ್ರಯೋಗ ಉಳಿದಿಲ್ಲ, ಮೊದಲು ಕಣ್ಣಿಗೆ ಕಾಣದ ಒಂದು ಪೆಟ್ಟಿಗೆ, ಅದರೊಳಗೆ ಹೊಗೆ, ಹೊಗೆಗೆ ಸುತ್ತು, ಸುತ್ತಿಗೆ ವೇಗ, ವೇಗ ಹೆಚ್ಚಿಸಿದೆ, ಪೆಟ್ಟಿಗೆಯ ಗೋಡೆಗೆ ಬಡಿದು ಚೌಕವಾಯಿತು, ನಾಲ್ಕು ಮೂಲೆಯ ಸುಂಟರಗಾಳಿ, ಒಬ್ಬಳೇ ಕೂತು ನಕ್ಕೆ, ಗೋಡೆ ತೆಗೆದೆ, ಗಾಳಿ ಬಿಡುಗಡೆಯಾಗಿ ಎಲ್ಲೋ ಹೋಯಿತು, ಗೋಡೆ ದೂರ ಇಟ್ಟೆ, ದುಂಡಗಾಯಿತು, ಸೊಂಟ ಬಂತು, ತಲೆ ಬಂತು, ಕಾಲು ಬರಲಿಲ್ಲ — ಮೆಟ್ಟಿಲಲ್ಲಿ ಚಪ್ಪಲಿ ಸದ್ದು, ಹಾಜಿಯವರಾ, ಇಷ್ಟು ಬೇಗ, ಇಲ್ಲ, ಏದುಸಿರು ನನಗೆ ಗೊತ್ತಿರುವುದು, ಅವ್ವ.

ಅರಂತೋಡಿನಿಂದ ಬಸ್ಸು ಹತ್ತಿ ಬಂದಿದ್ದಾಳೆ, ಎಂತ ಗೂಡೆ, ಅವಳಿಗೆ ಹುಡುಗಿಯೆಂದರೆ ಗೂಡೆ, ಊಟ ಮಾಡಿದ್ಯಾ, ಇಲ್ಲ ಅಂತ ನಿನ್ನ ಮುಖದಲ್ಲೇ ಉಂಟು, ತೊಟ್ಟೆಯೊಳಗೆ ತೊಟ್ಟೆ, ಅದರೊಳಗೆ ಇನ್ನೊಂದು, ಅದರೊಳಗೆ ಹಲಸಿನ ಗಟ್ಟಿ, ತೇಗದ ಎಲೆಯಲ್ಲಿ ಸುತ್ತಿ ಬೇಯಿಸಿದ ಕಡುಬು, ಎಲೆಯ ಪರಿಮಳ ರೂಮೆಲ್ಲ, ಮೂರು ತೊಟ್ಟೆಯನ್ನೂ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಮನೆಗೆ ಹೋಗಿ ತೊಳೆದು ಬಟ್ಟೆಯ ಹಗ್ಗದಲ್ಲಿ ಕ್ಲಿಪ್ ಹಾಕಿ ಒಣಗಿಸುತ್ತಾಳೆ, ಅವ್ವನ ಕೈಗೆ ಸಿಕ್ಕಿದ ತೊಟ್ಟೆಗೆ ಸಾವಿಲ್ಲ. ಕುರ್ಚಿ ಎಳೆದು ಕೂತಳು, ಪರದೆ ನೋಡಿದಳು, ಗಾಳಿಯನ್ನಲ್ಲ, ಗಾಳಿಯ ಕೆಳಗೆ ನಾನು ಮಾಡಿಟ್ಟ ಶೀಟಿನ ಮನೆಯನ್ನು, ಅಂಗಳ ಚೆಂದ ಉಂಟು, ಒಂದು ಕಸ ಇಲ್ಲ, ಯಾರು ಗುಡಿಸಿದ್ದು — ನಾನೇ ಅವ್ವ, ಎಂದೆ, ಎಂದು ಮುಗಿಸುವ ಮೊದಲೇ ಬಾಯಿಗೆ ಎತ್ತಿದ ಗಟ್ಟಿಯನ್ನು ಎಲೆಯ ಮೇಲೆ ಇಟ್ಟುಬಿಟ್ಟೆ. ನಾನೇ ಗುಡಿಸಿದ್ದು. ಅಂಗಳ ಮಾಡುವಾಗ ಧೂಳಿತ್ತು, ತರಗೆಲೆ ಇತ್ತು, ಸಣ್ಣ ಕಲ್ಲಿತ್ತು, ಒಂದೊಂದಾಗಿ ತೆಗೆದೆ, ಇಡೀ ಸುಳ್ಯ ನೋಡುವ ಮನೆ, ನಾಲ್ಕು ಜನ ಬರುವಲ್ಲಿ ಕಸ ಬಿಡುತ್ತಾರಾ, ಹಲ್ಲುಜ್ಜುವ ಮೊದಲು ಅಂಗಳ ಗುಡಿಸಲು ಹಿಡಿಸೂಡಿ ಹಿಡಿಸಿದ ಅವ್ವನ ಮಗಳಲ್ಲವೇ, ಗಾಳಿ ಬರುವ ಅಂಗಳವನ್ನೂ ಗುಡಿಸಿಟ್ಟೆ! ಪಾಪದ ಗಾಳಿ, ಎತ್ತಲು ಒಂದು ಎಲೆಯೂ ಇಲ್ಲದೆ ಮೇಲೆಯೇ ನಿಂತಿದೆ, ಗಾಳಿ ಎಲ್ಲಿ ಕಣ್ಣಿಗೆ ಕಾಣುತ್ತದೆ, ಬಸ್ ನಿಲ್ದಾಣದ ಮೂಲೆಯ ಗಾಳಿ ಕಂಡದ್ದು ಆ ತೊಟ್ಟೆಯಿಂದ, ನೆಲದಲ್ಲಿ ಬಿದ್ದದ್ದು ಎದ್ದರೆ ಅದೇ ಅದರ ಕಾಲು.

ಧೂಳು ಹಾಕಿದೆ, ಹೊಗೆಯನ್ನು ನೆಲದಿಂದಲೇ ಎಬ್ಬಿಸಿದೆ, ತರಗೆಲೆ ಚೆಲ್ಲಿದೆ, ಹಲಸಿನೆಲೆ, ತೇಗದೆಲೆ, ಅಯ್ಯೋ ಎಂತ ಮಾಡುದು ನೀನು, ಅಷ್ಟು ಚೆಂದದ ಅಂಗಳ, ಅವ್ವ ಕುರ್ಚಿಯಲ್ಲಿ ಕೂರಲಾಗದೆ ಒದ್ದಾಡಿದಳು, ಸುಮ್ನಿರು ಅವ್ವ, ಕೊನೆಗೆ ಒಂದು ಗುಲಾಬಿ ತೊಟ್ಟೆ, ಬಾಗಿಲ ಮೆಟ್ಟಿಲ ಹತ್ತಿರ. ಗಾಳಿಯ ಲೆಕ್ಕ ಹಾಕಿ ಚಿತ್ರ ಮಾಡಲು ಕಂಪ್ಯೂಟರಿಗೆ ಬಿಟ್ಟೆ, ಅದು ಬುಸುಗುಟ್ಟಿತು, ಚಿತ್ರದ ಹಿಂದೆ ಚಿತ್ರ ಆಮೆಯ ಹಾಗೆ ಬಂತು, ದೇವರೇ ಕರೆಂಟು ಹೋಗದಿರಲಿ, ಅವ್ವನೂ ಸೀಲಿಂಗಿನ ಕಡೆ ಕೈ ಮುಗಿದಳು, ಎಂತಕ್ಕೆ ಎಂದು ಕೇಳಲಿಲ್ಲ, ಎರಡು ಗಟ್ಟಿ ತಿಂದದ್ದು ನೆನಪಿದೆ, ಮೂರನೆಯದ್ದು ಕೈಯಲ್ಲಿರುವಾಗಲೇ ಹಾಜಿಯವರು ಬಾಗಿಲಲ್ಲಿ, ಆಯ್ತಾ ಮಗಳೇ, ಆಯ್ತು ಹಾಜಿಯವ್ರೇ, ನಾನೂ ನೋಡಿಲ್ಲ ಎಂದು ಹೇಳಲಿಲ್ಲ, ಕೂತ್ಕೊಳ್ಳಿ.

ಪ್ಲೇ ಒತ್ತಿದೆ. ಅಂಗಳ ಸುಮ್ಮನಿದೆ, ಒಂದೆಲೆ ಮಗುಚಿತು, ಇನ್ನೊಂದು, ಧೂಳು ಎದ್ದಿತು, ಸುತ್ತಿಕೊಂಡಿತು, ಮೇಲಿನಿಂದ ಅದು ಇಳಿದು ಬಂತು, ಇಳಿದು, ಇಳಿದು, ಊರಿತು, ಕಾಲು ಊರಿತು, ನೆಲದಲ್ಲಿ ಗಟ್ಟಿಯಾಗಿ, ನನ್ನ ಗಾಳಿ, ಹಾಜಿಯವರ ಕೈ ತಲೆಯ ಟೊಪ್ಪಿ ಹಿಡಿದುಕೊಂಡಿತು, ಯಾ ಅಲ್ಲಾ, ನಮ್ಮ ಶೀಟು ನಿಲ್ತದಲ್ಲಾ ಮಗಳೇ, ನಿಲ್ತದೆ ಹಾಜಿಯವ್ರೇ, ನೀವೇ ಹೇಳಿದ್ದಲ್ವಾ, ಶೀಟು ನಿಂತಿತು, ಅವರು ಉಸಿರು ಬಿಟ್ಟರು, ಇದು ಗಾಳಿ ಮಾರಾಯ್ತಿ, ಮಂಗಳೂರು ಎಂತ ಬೇಡ, ಇದೇ ಇರ್ಲಿ — ಖುಷಿಗೆ ಅಳು ಬರುವ ಹಾಗಾಗಿದೆ ನನಗೆ, ಅವ್ವನ ಕಡೆ, ಫ್ಯಾನ್ ಎಂದವಳ, ಟೈಪಿಂಗ್ ಎಂದವಳ ಕಡೆ ತಿರುಗಿ ನೋಡಿದೆ, ಅವಳು ಕುರ್ಚಿಯಿಂದ ಅರ್ಧ ಎದ್ದಿದ್ದಾಳೆ, ಮೆಟ್ಟಿಲ ಹತ್ತಿರದ ತೊಟ್ಟೆ ಎದ್ದು ತಿರುಗುತ್ತ ಮೇಲೆ ಹೋಗುತ್ತಿದೆ, ಛೆ, ಒಳ್ಳೆ ತೊಟ್ಟೆ, ಹಿಡಿ ಮಗಾ, ಹಿಡಿ, ಕೈ ಚಾಚಿದ್ದಾಳೆ, ಬೆರಳು ಪರದೆಗೆ ತಾಗಿದೆ, ಗುಲಾಬಿ ತೊಟ್ಟೆ, ಮೇಲೆ, ಇನ್ನೂ ಮೇಲೆ, ಅದರ ಹಿಂದೆ ಅವ್ವನ ಕೈ