ಪೆಡಲ್ ಕಿತ್ತವನು

ಪರದೇಶದಲ್ಲಿ, ಟ್ಯಾಂಪಾದಲ್ಲಿದ್ದ ತಂಗಿ ಫೋನ್ ಮಾಡಿ, "ಅಕ್ಕಾ, ಒಂದೇ ಗಾಡಿ ಕೊಡಿಸೋಕಾಗೋದು. ಎಲೆಕ್ಟ್ರಿಕ್ ಸ್ಕೂಟರೋ, ಎಲೆಕ್ಟ್ರಿಕ್ ಸೈಕಲ್ಲೋ, ಹೇಳಿಬಿಡು," ಅಂದಾಗ ಒದಾಲ್ಮಿಸ್ ಹಿಂದೆಮುಂದೆ ನೋಡಲಿಲ್ಲ. "ಸೈಕಲ್ಲು," ಅಂದಳು.

"ನಿಂಗೇನು ತಲೆ ಕೆಟ್ಟಿದೆಯಾ?" ಎಂದು ಗಂಡ ಬೆರ್ತೊ ಎಗರಿಬಿದ್ದ. "ಇಡೀ ಓಲ್ಗೀನ್ ಊರಿನ ಗಂಡಸರು ಸ್ಕೂಟರಲ್ಲಿ ಓಡಾಡ್ತಿದಾರೆ. ನಾನು ಈ ವಯಸ್ಸಲ್ಲಿ ಪೆಡಲ್ ತುಳೀಲಾ?"

"ದಿನದ ಮುಕ್ಕಾಲು ಪಾಲು ಕರೆಂಟಿರಲ್ಲ ಮಾರಾಯ. ಬ್ಯಾಟರಿ ಸತ್ತರೆ ಸ್ಕೂಟರನ್ನ ತಲೆ ಮೇಲೆ ಹೊತ್ಕೊಂಡು ಹೋಗ್ತೀಯಾ? ಸೈಕಲ್ಲಾದ್ರೆ ತುಳ್ಕೊಂಡಾದ್ರೂ ಹೋಗಬಹುದು."

ಅವಳ ಮನೆ ನಡೆಯುತ್ತಿದ್ದುದೇ ಕೇಕಿನಿಂದ. ಮೊಟ್ಟೆಯ ಬಿಳಿ ಲೋಳೆಗೆ ಸಕ್ಕರೆ ಹಾಕಿ ಕಡೆದು, ಬೆಟ್ಟದಷ್ಟೆತ್ತರ ನೊರೆ ಮೆತ್ತಿದ ಕೇಕು. ಡಬ್ಬಿ ಎಲ್ಲಿಂದ ತರೋಣ? ರಟ್ಟಿನ ಮೇಲಿಟ್ಟು, ಮುಚ್ಚದೆ, ಅಂಗೈ ಮೇಲೆ ಹೊತ್ತುಕೊಂಡೇ ಬೀದಿಯಲ್ಲಿ ಹೋಗಬೇಕು. ಬಿಸಿಲು ಏರುವುದರೊಳಗೆ ಮುಟ್ಟಿಸದಿದ್ದರೆ ನೊರೆ ಬೆವರಿ ಜಾರುತ್ತದೆ, ಜೊತೆಗೆ ಮಾಡಿದವಳ ಹೆಸರೂ.

ಸೈಕಲ್ ಬಂತು. ಬಂದ ವಾರದಲ್ಲೇ ಬೆರ್ತೊ ಅದರ ಪೆಡಲು, ಚೈನು ಕಿತ್ತು ವೆಲ್ಡಿಂಗ್ ಮಾಡುವ ಲಾಸಾರೊಗೆ ಕೊಟ್ಟ. ಬದಲಿಗೆ ಕಾಲಿಡಲು ಎರಡು ಕಬ್ಬಿಣದ ಪಟ್ಟಿ, ಒಂದು ಜೋಡಿ ಹೊಳೆಯುವ ಕನ್ನಡಿ ಹಾಕಿಸಿಕೊಂಡು ಬಂದ. ಈಗ ದೂರದಿಂದ ನೋಡಿದವರಿಗೆ ಅದು ಸ್ಕೂಟರೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು!

"ನಿನ್ನ ಒಳ್ಳೇದಕ್ಕೇ ಕಣೇ. ಪೆಡಲ್ ತುಳಿದ್ರೆ ಹಿಂದೆ ಕೂತ ನಿನ್ನ ಕೈಲಿ ಕೇಕು ಕುಣಿಯಲ್ವಾ?" ಅಂದ. ಅವಳು ಬೈದಳು, ಬಾಗಿಲು ಬಡಿದಳು. ಅವನಿಗೆ ಎಮ್ಮೆ ಮೇಲೆ ಮಳೆ ಸುರಿದ ಹಾಗೆ.

ಆಮೇಲೆ ಏರಿನಾಚೆ ಕೇರಿಯ ನಿಯೆವೆಸ್ ತನ್ನ ಮಗಳ ಹದಿನೈದನೇ ಹುಟ್ಟುಹಬ್ಬಕ್ಕೆ ಕೇಕು ಹೇಳಿದಳು. ಅವರ ಕಡೆ ಹುಡುಗಿಗೆ ಹದಿನೈದು ತುಂಬುವುದೆಂದರೆ ಮದುವೆಗಿಂತ ದೊಡ್ಡದು. ಆ ಕೇಕಿನ ಪಕ್ಕ ನಿಂತು ತೆಗೆಸಿದ ಪಟ ಜೀವಮಾನವಿಡೀ ಗೋಡೆ ಮೇಲಿರುತ್ತದೆ. ಈ ಕೇಕು ಕೆಟ್ಟರೆ ಆ ಕೇರಿಯಲ್ಲಿ ಇನ್ನು ಒಬ್ಬರೂ ಒದಾಲ್ಮಿಸ್‌ಳನ್ನು ಕರೆಯುವುದಿಲ್ಲ. ಬೆಳಗಿನ ಜಾವ ಕರೆಂಟು ಬಂದ ಕೂಡಲೇ ಅವಳು ಸೈಕಲ್ ಚಾರ್ಜಿಗೆ ಹಾಕಿದಳು. ಅವಳು ನೊರೆ ಕಡೆಯುತ್ತಿದ್ದಾಗ ಬೆರ್ತೊ ಬ್ರೆಡ್ ತರುತ್ತೇನೆಂದು ಅದೇ ಗಾಡಿ ಹತ್ತಿ ಹೋದವನು, ಊರೆಲ್ಲ ಮೆರೆದು ಬಂದ. ಅಷ್ಟರಲ್ಲಿ ಕರೆಂಟು ಹೋಗಿತ್ತು.

ಉಳಿದಷ್ಟು ಬ್ಯಾಟರಿಯಲ್ಲೇ ಹೊರಟರು. ಅರ್ಧ ದಾರಿಯಲ್ಲಿ ಗಾಡಿ ನಿಂತುಬಿಟ್ಟಿತು. ಹಿಂದೆ, ಎರಡೂ ಅಂಗೈಗಳ ಮೇಲೆ ನೀಲಿ ಬಿಳಿ ಕೇಕು ಹೊತ್ತು ಕೂತಿದ್ದ ಒದಾಲ್ಮಿಸ್ ಕೆಳಗಿಳಿದಳು. ನೆತ್ತಿ ಸುಡುವ ಬಿಸಿಲು.

"ಸ್ವಲ್ಪ ತಳ್ಳಿದ್ರೆ..." ಅಂದ ಬೆರ್ತೊ.

"ಯಾವ ಕೈಯಲ್ಲಿ ತಳ್ಳಲಿ? ಹೇಳು, ಯಾವ ಕೈಯಲ್ಲಿ?"

ತಿರುವಿನಾಚೆಯೇ ಲಾಸಾರೊನ ಅಂಗಡಿ. ಅದರ ಮುಂದಿನ ಮರದ ನೆರಳಲ್ಲಿ ಬೆರ್ತೊನ ಗೆಳೆಯರೆಲ್ಲ ಡಾಮಿನೊ ಆಡುತ್ತಿದ್ದರು. ಅವಳು ಕೇಕು ಹೊತ್ತುಕೊಂಡೇ ನೆಟ್ಟಗೆ ಅಲ್ಲಿಗೆ ನಡೆದಳು. ಬೆರ್ತೊ ಗಾಡಿ ತಳ್ಳುತ್ತಾ ಹಿಂದೆಯೇ ಬಂದ.

"ಲಾಸಾರೊ, ನನ್ನ ಪೆಡಲ್ ಎಲ್ಲಿ?"

"ಮೊಳೆಗೆ ನೇತು ಹಾಕಿದೀನಿ ಅತ್ತಿಗೆ. ಯಾಕೆ, ಸ್ಕೂಟರ್ ಕೆಟ್ಟುಹೋಯ್ತಾ?" ಎಲ್ಲರೂ ಗೊಳ್ಳೆಂದರು.

"ಅದು ಸ್ಕೂಟರಲ್ಲ, ಸೈಕಲ್ಲು. ನನ್ನ ಸೈಕಲ್ಲು. ಆ ಕನ್ನಡಿ ವಾಪಸ್ ತಗೊಂಡು ಪೆಡಲ್ ಕೊಡು. ಹಾಕೋದು ಇವನೇ. ಇಲ್ಲೇ, ನಿಮ್ಮೆಲ್ಲರ ಮುಂದೆ."

"ಒದಾಲ್ಮಿಸ್, ಮರ್ಯಾದೆ ತೆಗೀಬೇಡ ಕಣೇ," ಬೆರ್ತೊ ಹಲ್ಲು ಕಚ್ಚಿ ಪಿಸುಗುಟ್ಟಿದ.

"ನಿನ್ನ ಮರ್ಯಾದೆ ಕನ್ನಡೀಲಿದೆ, ನನ್ನ ಮರ್ಯಾದೆ ಈ ರಟ್ಟಿನ ಮೇಲೆ ಕರಗ್ತಾ ಇದೆ. ಸ್ಪ್ಯಾನರ್ ಹಿಡಿ!"

ಅವನು ಮೊಣಕಾಲೂರಿ ಕೂತ. ಅವಳು ನೆರಳಲ್ಲಿ ಕೇಕು ಹಿಡಿದು ನಿಂತೇ ಇದ್ದಳು. ಆಟ ನಿಂತಿತ್ತು, ನಗುವೂ ನಿಂತಿತು. ಚೈನು ಕೂತ ಮೇಲೆ ಬೆರ್ತೊ ಮುಖ ಒರೆಸಿಕೊಂಡು ಹ್ಯಾಂಡಲ್ ಹಿಡಿಯಲು ಹೋದ.

"ಅಲ್ಲಲ್ಲ. ನೀನು ಹಿಂದೆ." ಕೇಕನ್ನು ಅವನ ಅಂಗೈಗಳ ಮೇಲಿಟ್ಟಳು. ಸ್ಕರ್ಟ್ ಎತ್ತಿಕಟ್ಟಿ ಸೀಟು ಹತ್ತಿ ತುಳಿದಳು.

ಏರು ಬಂತು. ಅವಳಿಗೆ ಉಸಿರು ಕಟ್ಟುತ್ತಿತ್ತು, ಕೋಪವೇ ಕಾಲಿಗೆ ಬಲ ಕೊಟ್ಟಿತು. ನೊರೆ ಕರಗಿ ಬೆರ್ತೊನ ಮಣಿಕಟ್ಟಿನಿಂದ ಮೊಣಕೈಗೆ ಇಳಿಯುತ್ತಿತ್ತು, ನೊಣ ಮುತ್ತುತ್ತಿದ್ದವು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಸ್ವಲ್ಪ ನಿಲ್ಲಿಸೇ. ಕೈ ಸೇದ್ತಾ ಇದೆ."

"ನಂದು ಇಷ್ಟು ವರ್ಷ ಸೇದ್ತು. ಒಂದು ದಿನ ಕೇಳಿದ್ಯಾ? ಹಿಡ್ಕೋ!"

ನಿಯೆವೆಸ್ ಮನೆ ತಲುಪಿದಾಗ ಒಂದು ಬದಿ ಜಾರಿತ್ತು. ನಿಯೆವೆಸ್ ಕೇಕನ್ನೂ ಒದಾಲ್ಮಿಸ್‌ಳ ಒದ್ದೆ ಬೆನ್ನನ್ನೂ ನೋಡಿದಳು. ಜಾರಿದ ಬದಿಯನ್ನು ಗೋಡೆಗೆ ತಿರುಗಿಸಿದಳು. ನೀಲಿ ಲಂಗದ ಹುಡುಗಿ ಪಕ್ಕದಲ್ಲಿ ನಿಂತು ನಕ್ಕಳು, ಪಟ ತೆಗೆದರು. "ಮುಂದಿನ ತಿಂಗಳು ನಮ್ಮಣ್ಣನ ಮಗಳಿಗೆ ಹದಿನೈದು," ಅಂದಳು ನಿಯೆವೆಸ್. "ನೀನೇ ಮಾಡ್ಬೇಕು. ಆದ್ರೆ ಬೇಗ ಬಾ."

ಒದಾಲ್ಮಿಸ್ ಹೊರಗೆ ಬಂದಳು. ಬೆರ್ತೊ ಕೈ ತೊಳೆದುಕೊಂಡು ಸೈಕಲ್ ಪಕ್ಕ ನಿಂತಿದ್ದ. ಹ್ಯಾಂಡಲ್ ಮುಟ್ಟಿರಲಿಲ್ಲ. ಮನೆಗೆ ಹೋಗಲು ಗೆಳೆಯರು ಡಾಮಿನೊ ಆಡುತ್ತಿದ್ದ ಮರದ ಮುಂದಿನದೊಂದೇ ದಾರಿ. ತಲೆ ತಗ್ಗಿಸಿ ಕೇಳಿದ: "ಈಗ ಕೇಕಿಲ್ವಲ್ಲ. ನಾನು ತುಳೀಲಾ?"

"ತುಳಿ," ಅಂದಳು ಒದಾಲ್ಮಿಸ್, ಹಿಂದೆ ಹತ್ತಿ ಕೂತು. "ಮರದ ಹತ್ರ ನಿಧಾನಕ್ಕೆ ತುಳಿ. ಎಲ್ರೂ ನೋಡ್ಲಿ."