ಎವೆಲಿಯೊನ ಜೋಡಿ ಡಿಸ್ಕು

ಸಾಂತಿಯಾಗೊದ ಎವೆಲಿಯೊ ಬಿಡಿಭಾಗ ಕೂಡಿಸಿ ತಾನೇ ಒಂದು ಕಂಪ್ಯೂಟರ್ ಕಟ್ಟಲು ಕೂತ. ಮಿಕ್ಕದ್ದಕ್ಕೆಲ್ಲ ಕೈಗೆ ಸಿಕ್ಕಿದ್ದನ್ನೇ ಹಾಕಿದ. ಡಿಸ್ಕಿನ ವಿಷಯಕ್ಕೆ ಬಂದಾಗ ಮಾತ್ರ ಮಗಳಿಗೆ ಗಂಡು ನೋಡುವವನಂತೆ ಅಳೆದೂ ಸುರಿದೂ ಮಾಡಿದ. ಕಾರಣವಿತ್ತು. ತೀರಿಹೋದ ಅಪ್ಪ ಅಂಗಳದಲ್ಲಿ ಗಿಟಾರ್ ಹಿಡಿದು ಹಾಡಿದ ಒಂದು ವಿಡಿಯೊ ಅವನಲ್ಲಿತ್ತು. ಅಪ್ಪನ ದನಿ ಅಂತ ಉಳಿದದ್ದು ಅದೊಂದೇ.

"ಒಂದು ಎಸ್‌ಎಸ್‌ಡಿ ಹಾಕ್ಕೊಳ್ಳಿ ಅಣ್ಣಾ, ಬೇಗ ಓಡುತ್ತೆ. ಅಪ್ಪನ ಹಾಡನ್ನ ಒಂದು ಹಳೇ ಹಾರ್ಡ್ ಡಿಸ್ಕಿಗೆ ತುಂಬಿ ಬೀರುವಲ್ಲಿ ಇಟ್ಬಿಡಿ," ಎಂದ ಯೊಸ್ವಾನಿ. ವಾರವಾರ ಡಿಸ್ಕಿನ ಚೀಲ ಹೊತ್ತು ಬಂದು ಮನೆಮನೆಗೆ ಸಿನಿಮಾ, ಧಾರಾವಾಹಿ ತುಂಬಿಕೊಟ್ಟು ಹೋಗುವವನು ಅವನು.

"ನಿನ್ನ ಡಿಸ್ಕು ಬೀದಿನಾಯಿ ಕಣೋ, ಕಂಡೋರ ಮನೆಗೆಲ್ಲ ನುಗ್ಗುತ್ತೆ. ನೀನು ನಂಗೆ ಬುದ್ಧಿ ಹೇಳ್ತೀಯಾ?"

ಎವೆಲಿಯೊ ಮಯಾಮಿಯ ಚಿಕ್ಕಮ್ಮನಿಗೆ ಹೇಳಿ ಅವಳಿಜವಳಿ ಡಿಸ್ಕು ತರಿಸಿದ. ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಮೂಡುತ್ತದೆ. ಕರೆಂಟು ಹೋಗಿಬಂದು ಒಂದು ಸುಟ್ಟರೂ ಇನ್ನೊಂದು ಬದುಕಿರುತ್ತದೆ. ಇನ್ನು ಉಳಿದದ್ದು ಯೊಸ್ವಾನಿ ಕದ್ದಾನೆಂಬ ಭಯ. ಡಿಸ್ಕು ಚುಚ್ಚಿದ ಕಡೆಯಲ್ಲೆಲ್ಲ ತಮ್ಮಲ್ಲಿಲ್ಲದ್ದನ್ನು ನಕಲು ಮಾಡಿ ಬಾಚಿಕೊಳ್ಳುವುದು ಆ ಕಸುಬಿನವರ ರೂಢಿ. ಅಪ್ಪ ಬೀದಿಪಾಲಾಗಬಾರದು. ಹೆಂಡತಿ ಮಿಗ್ದಾಲಿಯಾ ಎಂದೋ ನೋಡಿ ಮುಗಿಸಿದ ಟರ್ಕಿ ಧಾರಾವಾಹಿಯೊಂದಿತ್ತು. ಹಳೆಯದನ್ನು ಯಾರು ಮುಟ್ಟುತ್ತಾರೆಂದು ಅದರ ಬಾಲಕ್ಕೆ, ಇನ್ನೊಂದು ಕಂತಿನ ಹೆಸರಿಟ್ಟು ಅಪ್ಪನ ವಿಡಿಯೊ ಅಂಟಿಸಿದ. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ.

ಅಪ್ಪನ ತಿಥಿಯ ದಿನ ವಿಡಿಯೊ ಹಾಕಲು ಹೋದರೆ ಧಾರಾವಾಹಿಯೇ ಇಲ್ಲ.

"ಅದಾ? ಹಳೇದಲ್ವಾ, ಮೊನ್ನೆ ಅಳಿಸ್ದೆ. ಹೊಸದಕ್ಕೆ ಜಾಗ ಬೇಡ್ವಾ?" ಎಂದಳು ಮಿಗ್ದಾಲಿಯಾ.

ಜೋಡಿ ಡಿಸ್ಕು ಹೇಳಿದ ಮಾತು ಮೀರದೆ ತಾನೂ ಅಳಿಸಿಕೊಂಡು ಕೂತಿತ್ತು. ಎರಡರಲ್ಲೂ ಆ ಜಾಗದ ಮೇಲೆ ಹೊಸ ಧಾರಾವಾಹಿ ಬಂದು ಕೂತಾಗಿತ್ತು. ಕರೆಂಟು, ಕಳ್ಳ ಎಲ್ಲಕ್ಕೂ ಉಪಾಯ ಹೂಡಿದ್ದ ಮಹಾಶಯ ಹೆಂಡತಿಯನ್ನು ಮರೆತಿದ್ದ. ಎವೆಲಿಯೊ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.

ಆಗ ಪಕ್ಕದ ಮನೆಯ ಟಿವಿಯಲ್ಲಿ ಯಾರೋ ಕೆಮ್ಮಿದರು. ಹಾಡಿನ ನಡುವೆ ಅಪ್ಪ ಕೆಮ್ಮುತ್ತಿದ್ದುದು ಹಾಗೆಯೇ. ಎವೆಲಿಯೊ ಬರಿಗಾಲಲ್ಲೇ ಯೊಸ್ವಾನಿಯ ಮನೆಗೆ ಓಡಿದ.

"ಕೋಪ ಮಾಡ್ಕೋಬೇಡಿ ಅಣ್ಣಾ, ಹಾಡು ಅಂತ ಇದ್ದಿದ್ರೆ ನಾನು ಮುಟ್ತಾನೇ ಇರ್ಲಿಲ್ಲ. ಹಾಡು ಯಾರಿಗೆ ಬೇಕು? ಟರ್ಕಿ ಧಾರಾವಾಹಿ ಅಂತಿತ್ತು, ಬಾಚ್ಕೊಂಡೆ. ಈಗ ಊರೆಲ್ಲ ಬೈತಿದ್ದಾರೆ."

"ಯಾಕೆ?"

"ಆ ಮುದುಕ ಹಾಡೋ ಕಂತಿಂದು ಮುಂದಿನ ಭಾಗ ಎಲ್ಲಿ ಅಂತ."

ಎವೆಲಿಯೊ ಕಣ್ಣೊರೆಸಿಕೊಂಡ. "ಅಷ್ಟೇ ಕಣೋ ಇರೋದು. ನಂಗೊಂದು ಕಾಪಿ ಹಾಕಿಕೊಡು. ನಿನ್ನ ಹತ್ರ ಇರೋದನ್ನ ಮಾತ್ರ ಅಳಿಸ್ಬೇಡ."