ಬ್ರೇಕಮ್ಮನಿಗೆ ಸಿಕ್ಕ ಸ್ಟೇಷನ್ನು

ಸಿಟಿ ಬಸ್ಸು ಓಡಿಸುತ್ತಿದ್ದಷ್ಟು ಕಾಲವೂ ಅವರನ್ನು ಡಿಪೋದಲ್ಲಿ ಬ್ರೇಕಮ್ಮ ಎಂದೇ ಕರೆಯುತ್ತಿದ್ದರು. ಹಿಂದೆ ನಿಂತವರು ಮುಂದೆ ಕೂತವರ ಮಡಿಲಿಗೆ ಬಂದು ಬೀಳುವ ಹಾಗೆ ಬ್ರೇಕು ಹಾಕುತ್ತಿದ್ದರು. ಆದರೆ ಅವರ ಬಸ್ಸಿಗೆ ಸಿಕ್ಕಿ ಒಂದು ಬೀದಿನಾಯಿಗೂ ಪೆಟ್ಟಾದದ್ದಿಲ್ಲ. ಕೊನೆಗೆ ಮಂಡಿಗಳು ಕೈಕೊಟ್ಟವು. ಕೆಲಸ ಬಿಟ್ಟು ಮನೆಯಲ್ಲಿ ಕೂತರು.

ಬಸ್ಸು ಹೋದರೂ ಬ್ರೇಕು ಹೋಗಲಿಲ್ಲ. ಅವರು ಕೂತದ್ದು ಮೂರನೇ ಮಹಡಿಯ ಮುಂದಿನ ಕೋಣೆಯ ಕಿಟಕಿಯಲ್ಲಿ, ಕೆಳಗೆ ನಾಲ್ಕು ರಸ್ತೆ ಸೇರುವ ಸಿಗ್ನಲ್ಲು. ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಿ ಹೋಗುವ ಒಂದೊಂದು ವಾಹನವನ್ನೂ ಬ್ರೇಕಮ್ಮ ಕುರ್ಚಿಯಿಂದಲೇ ಓಡಿಸುತ್ತಿದ್ದರು. ಇಂಡಿಕೇಟರ್ ಹಾಕದೆ ತಿರುಗಿದವನ ವಂಶವನ್ನು ವಿಚಾರಿಸಿಕೊಳ್ಳುತ್ತಿದ್ದರು. ಕೆಳಗಿನವರಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದವಳು ಅದೇ ಕೋಣೆಯಲ್ಲಿ ಕಿಟಕಿ ಪರದೆ ಹೊಲಿಯುತ್ತಿದ್ದ ಸೊಸೆ.

ಸೊಸೆಗೆ ಪರದೆ ಹೊಲಿಯುವುದೇ ಜೀವನೋಪಾಯ. ಪರದೆಯ ಅಂಚು ಅಂದರೆ ನೆಲದಿಂದ ಸೂರಿನವರೆಗೆ ಒಂದೇ ಗೆರೆ, ಎಲ್ಲೂ ಅಲುಗಬಾರದು. ಆದರೆ ಅತ್ತೆ “ಬ್ರೇಕ್ ಹಾಕೋ” ಎಂದಾಗಲೆಲ್ಲ ಅವಳ ಕಾಲು ತಾನಾಗಿಯೇ ಪೆಡಲಿನಿಂದ ಮೇಲೆದ್ದುಬಿಡುತ್ತಿತ್ತು. ಮಷಿನ್ನು ಗಕ್ಕನೆ ನಿಲ್ಲುತ್ತಿತ್ತು, ಬಟ್ಟೆ ಜಾರುತ್ತಿತ್ತು, ಹೊಲಿಗೆ ಅಡ್ಡದಾರಿ ಹಿಡಿಯುತ್ತಿತ್ತು. ಹಲ್ಲಿನ ಡಾಕ್ಟರೊಬ್ಬರು ತಮ್ಮ ಪರದೆ ಬಿಚ್ಚಿ ನೋಡಿ, ಇದಕ್ಕೂ ಕ್ಲಿಪ್ಪು ಹಾಕಬೇಕೇನಮ್ಮ ಎಂದು ಕೇಳಿದರು. ಅವರು ಹೇಳಿದ್ದು ನಗುತ್ತಲೇ, ಸೊಸೆಗೆ ಮಾತ್ರ ನಗು ಬರಲಿಲ್ಲ.

ಅವತ್ತು ಅವಳು ಗಂಡನಿಗೆ ಹೇಳಿದ್ದು ಇಷ್ಟೇ: “ನಿಮ್ಮಮ್ಮನ ಬಾಯಿಗೆ ಕೆಲಸ ಕೊಟ್ಟಿದ್ದು ಸಾಕು, ಕಿವಿಗೆ ಏನಾದ್ರೂ ಕೊಡಿ.”

ಗಂಡ ಲಿಫ್ಟ್ ಮೆಕ್ಯಾನಿಕ್ಕು. ಒಂದು ಬಲ್ಬು ಕೊಳ್ಳಬೇಕಾದರೂ ಊರಿನ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೆ ಮನೆಯ ಹಳೇ ಬಲ್ಬೇ ವಾಸಿ ಎಂದು ಬರುವ ಜಾತಿ. ರೇಡಿಯೋ ತರುತ್ತೇನೆ ಎಂದ. ತರುವ ಮೊದಲು ವಿಚಾರಣೆ ಶುರುವಾಯಿತು. ಸ್ಯಾಟಲೈಟ್ ರೇಡಿಯೋ ಆದರೆ ಸೀದಾ ಆಕಾಶದಿಂದ ಇಳಿಯುತ್ತದೆ, ಕಾಡಿನಲ್ಲಿ ಕೂತರೂ ಒಂದೇ ಸಮನೆ ಕೇಳುತ್ತದೆ, ಆದರೆ ತಿಂಗಳ ಬಾಡಿಗೆ ಕಟ್ಟಬೇಕು. ಆನ್‌ಲೈನ್ ರೇಡಿಯೋ ಆದರೆ ಲೋಕದ ಸ್ಟೇಷನ್ನುಗಳೆಲ್ಲ ಪುಕ್ಕಟೆ, ಆದರೆ ಮನೆಯ ನೆಟ್ಟು ಮಲಗಿದರೆ ಅದೂ ಮಲಗುತ್ತದೆ. ಊಟಕ್ಕೆ ಕೂತಾಗ ಅವನೇ ಇದರ ಪರ ವಾದಿಸುತ್ತಿದ್ದ, ಕೈ ತೊಳೆಯುವಷ್ಟರಲ್ಲಿ ಅವನೇ ಅದರ ಪರ ತಿರುಗಿರುತ್ತಿದ್ದ. ಎರಡು ವಾರ ಎತ್ತು ಏರಿಗೆಳೆದು ಕೋಣ ನೀರಿಗೆಳೆದ ಮೇಲೆ ಸೊಸೆ, ಯಾವ ಸೈತಾನನಾದರೂ ಸರಿ, ನಾಳೆ ಬರಲಿ ಎಂದಳು.

ಮೊದಲು ಬಂದದ್ದು ಸ್ಯಾಟಲೈಟು. ಒಂದು ತಿಂಗಳು ಬಳಸಿ ನೋಡಿ, ಬೇಡವಾದರೆ ವಾಪಸು ಕೊಡಿ ಎಂದಿದ್ದರು. ಅದರ ಆಂಟೆನಾ ಒಂದು ಸಾಬೂನಿನ ಡಬ್ಬಿಯಷ್ಟು. ಅದಕ್ಕೆ ಆಕಾಶ ಕಾಣಬೇಕು. ಆ ಮನೆಯಲ್ಲಿ ಆಕಾಶ ಕಾಣುವ ಕಿಟಕಿ ಒಂದೇ, ಅದರಲ್ಲಿ ಬ್ರೇಕಮ್ಮ ಇದ್ದರು. ಮಗ ಡಬ್ಬಿಯನ್ನು ಅವರ ಮೊಣಕೈ ಪಕ್ಕದಲ್ಲಿ ಕಿಟಕಿಯ ಕಟ್ಟೆಯ ಮೇಲಿಟ್ಟ. ರೇಡಿಯೋ ಸೊಗಸಾಗಿ ಹಾಡಿತು. ಅಷ್ಟರಲ್ಲಿ ಕೆಳಗೆ ಒಬ್ಬ ಕೆಂಪು ದೀಪವಿದ್ದರೂ ನುಗ್ಗಿದ. ಬ್ರೇಕಮ್ಮ ಬೈಯಲು ಮುಂದಕ್ಕೆ ಬಾಗಿದರು, ಆಕಾಶಕ್ಕೂ ಡಬ್ಬಿಗೂ ನಡುವೆ ಅವರ ತಲೆ ಬಂತು, ಹಾಡು ನಿಂತಿತು. ಬೈದು ಹಿಂದಕ್ಕೆ ಒರಗಿದರು, ಹಾಡು ಬಂತು. ದಿನವೆಲ್ಲ ಹೀಗೇ ಆಯಿತು. ಈ ಪೆಟ್ಟಿಗೆ ನನ್ನ ಮೇಲೆ ಮುನಿಸಿಕೊಳ್ಳುತ್ತದೆ ಎಂದು ಬ್ರೇಕಮ್ಮ ತೀರ್ಪು ಕೊಟ್ಟರು.

ಅದಕ್ಕಿಂತ ದೊಡ್ಡ ತಕರಾರು ಬೇರೆ ಇತ್ತು. ಪ್ರೇಮಗೀತೆಗೆ ಒಂದು ಚಾನೆಲ್ಲು, ನಗೆಹನಿಗೆ ಒಂದು, ನಿದ್ದೆ ಬರಿಸುವ ಕೊಳಲಿಗೆ ಇನ್ನೊಂದು. ಯಾವುದರಲ್ಲೂ ಯಾರೂ ತಮ್ಮನ್ನು ಉದ್ದೇಶಿಸಿ ಮಾತಾಡುತ್ತಿಲ್ಲ ಎಂದು ಅವರಿಗೆ ಅನಿಸಿತು. ಇವರು ಯಾರಿಗೆ ಹೇಳುತ್ತಿದ್ದಾರೆ ಎಂದು ಸೊಸೆಯನ್ನು ಕೇಳಿದರು. ಎಲ್ಲರಿಗೂ ಎಂದಳು ಸೊಸೆ. ಎಲ್ಲರಿಗೂ ಹೇಳಿದ್ದು ಯಾರಿಗೂ ಹೇಳಿದ ಹಾಗಲ್ಲ ಎಂದರು ಬ್ರೇಕಮ್ಮ. ತಿಂಗಳು ತುಂಬುವ ಮೊದಲೇ ಸಾಬೂನಿನ ಡಬ್ಬಿ ಅಂಗಡಿಗೆ ಮರಳಿತು.

ಆಮೇಲೆ ಆನ್‌ಲೈನ್ ರೇಡಿಯೋ ಬಂತು. ಮರದ ಮೈ, ಮುಂದೆ ಒಂದು ದಪ್ಪ ತಿರುಗಣೆ. ತಿರುಗಿಸಿದರೆ ಊರು ಬದಲಾಗುತ್ತಿತ್ತು, ಒತ್ತಿದರೆ ಆ ಊರು ಮಾತಾಡುತ್ತಿತ್ತು. ಮಗ ಯಾವ ಸ್ಟೇಷನ್ನಿನ ಸದ್ದು ಎಷ್ಟು ಸ್ವಚ್ಛ ಎಂದು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಪರೀಕ್ಷಿಸುತ್ತಲೇ ಇದ್ದ. ಅವನು ಕೆಲಸಕ್ಕೆ ಹೋದ ಒಂದು ಬೆಳಿಗ್ಗೆ ಬ್ರೇಕಮ್ಮ ತಿರುಗಣೆಯನ್ನು ಸ್ಟಿಯರಿಂಗಿನ ಹಾಗೆ ಒಂದು ಸುತ್ತು ತಿರುಗಿಸಿ ಕೈ ಬಿಟ್ಟರು. ಅದು ಎಲ್ಲೋ ಹೋಗಿ ನಿಂತಿತು.

ಮೂಗು ಕಟ್ಟಿದ ದನಿಯ ಒಬ್ಬ ಗಂಡಸು, ಸೇತುವೆಯ ಮೇಲೆ ಲಾರಿ ಕೆಟ್ಟು ನಿಂತಿದೆ, ಸುರಂಗದ ಕಡೆ ನಿಧಾನ, ಮೀನು ಮಾರ್ಕೆಟ್ ವೃತ್ತದಲ್ಲಿ ಯಾರೂ ಯಾರಿಗೂ ದಾರಿ ಬಿಡುತ್ತಿಲ್ಲ ಎಂದು ಹೇಳುತ್ತಿದ್ದ. ಅದು ಸಮುದ್ರದಾಚೆಯ ಒಂದು ಬಂದರು ಪಟ್ಟಣ. ಇವರದೇ ಭಾಷೆ, ಸ್ವಲ್ಪ ಎಳೆದು ಆಡುವ ಜನ. ಅಲ್ಲಿಯ ಸ್ಟೇಷನ್ನಿಗೆ ಟ್ರಾಫಿಕ್ಕು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಬ್ರೇಕಮ್ಮ ಕುರ್ಚಿಯನ್ನು ರೇಡಿಯೋದ ಕಡೆ ತಿರುಗಿಸಿಕೊಂಡರು. ಕಿಟಕಿಗೆ ಬೆನ್ನು ಹಾಕಿ ಕೂತರು. ಆ ಮಧ್ಯಾಹ್ನ ಸೊಸೆ ಒಂದು ಇಡೀ ಪರದೆಯನ್ನು ಒಂದೇ ಉಸಿರಿಗೆ ಹೊಲಿದು, ಮಡಚಿ, ಅದರ ಮೇಲೆ ಕೈಯಾಡಿಸಿದಳು. ಅಂಚು ದಾರ ಎಳೆದು ಹಿಡಿದಷ್ಟು ನೆಟ್ಟಗಿತ್ತು.

ಈ ಸುಖ ಹೆಚ್ಚು ದಿನ ಉಳಿಯಲಿಲ್ಲ. ಬ್ರೇಕಮ್ಮ ಮಗನಿಂದ ಆ ಪಟ್ಟಣದ ನಕ್ಷೆ ತರಿಸಿ ಗೋಡೆಗೆ ಅಂಟಿಸಿದರು. ಯಾವ ಬೀದಿ ಎಲ್ಲಿ ಸೇರುತ್ತದೆ, ಹಡಗಿಗೆ ದಾರಿ ಬಿಡಲು ಸೇತುವೆ ಯಾವಾಗ ಮೇಲೇಳುತ್ತದೆ, ಎಲ್ಲ ಬಾಯಿಪಾಠವಾಯಿತು. ಮೂಗಿನ ದನಿಯವನಿಗೆ ನೆಗಡಿಯಪ್ಪ ಎಂದು ಹೆಸರಿಟ್ಟರು. ನೆಗಡಿಯಪ್ಪ ಒಂದು ಹೇಳಿದರೆ ಇವರು ಒಂಬತ್ತು ಹೇಳುತ್ತಿದ್ದರು. ಬೀದಿಯ ಗದ್ದಲ ಮೊದಲು ಬೀದಿಯಲ್ಲಾದರೂ ಇತ್ತು, ಈಗ ಬೀದೀಲಿ ಹೋಗೋ ಮಾರಿಯನ್ನ ಮನೆಗೆ ಕರೆದು ಕೂರಿಸಿದ ಹಾಗಾಯಿತು ಎಂದು ಸೊಸೆ ಗಂಡನ ಬಳಿ ಗೋಳಾಡಿದಳು. ಅವಳ ಕಾಲು ಮತ್ತೆ ಪೆಡಲಿನಿಂದ ಏಳತೊಡಗಿತ್ತು.

ಒಂದು ಬೆಳಿಗ್ಗೆ ಮೀನು ಮಾರ್ಕೆಟ್ ವೃತ್ತ ಪೂರ್ತಿ ಕಟ್ಟಿಕೊಂಡಿತು. ನೆಗಡಿಯಪ್ಪನಿಗೂ ಹೇಳಲು ಏನೂ ಉಳಿಯದೆ ಕೇಳುಗರೇ ಫೋನು ಮಾಡಿ ಎಂದ. ಬ್ರೇಕಮ್ಮ ಮಾಡಿದರು.

“ಹೇಳಿ ಅಮ್ಮಾ, ನೀವೆಲ್ಲಿ ಸಿಕ್ಕಿಕೊಂಡಿದೀರ?” ಎಂದು ಅವನು ಕೇಳಿದ.

“ಕುರ್ಚೀಲಿ.”

“ಯಾವ ರಸ್ತೆ?”

“ರಸ್ತೆ ಅಲ್ಲಪ್ಪ, ಮನೆ. ನನ್ನ ವಿಷಯ ಹಾಗಿರಲಿ. ವೃತ್ತದಲ್ಲಿ ನಿಂತಿರೋರಿಗೆ ಹೇಳು, ಮಾರ್ಕೆಟ್ ಹಿಂದಿನ ಗಲ್ಲಿ ಹಿಡೀಲಿ. ನೇರ ದವಸದ ಗೋದಾಮಿನ ಹತ್ರ ಬಿಡುತ್ತೆ. ಒಂದು ದಾರಿ ಮುಚ್ಚಿದ್ರೆ ಇನ್ನೊಂದು ತೋಚೋದೇ ಇಲ್ವಾ ನಿಮ್ಮೂರಿನವರಿಗೆ?”

ದನಿಯಲ್ಲಿ ಅಧಿಕಾರವಿತ್ತು. ಆ ಊರಿನವರು ನಂಬಿದರು. ಕಾರುಗಳು ಒಂದರ ಹಿಂದೊಂದು ಗಲ್ಲಿಗೆ ನುಗ್ಗಿದವು.

ಗಲ್ಲಿ ಗೋದಾಮಿನ ಹತ್ತಿರ ಬಿಡುತ್ತಿದ್ದುದು ನಿಜ. ನಕ್ಷೆ ಸುಳ್ಳು ಹೇಳಿರಲಿಲ್ಲ. ಹೇಳದೆ ಬಿಟ್ಟದ್ದು ಒಂದೇ, ಗಲ್ಲಿಯ ಕೊನೆಯ ತುಂಡು ರಸ್ತೆಯಲ್ಲ, ಕಲ್ಲಿನ ಮೆಟ್ಟಿಲು. ಮೊದಲನೇ ಕಾರು ಮೆಟ್ಟಿಲ ತುದಿಯಲ್ಲಿ ಮೂಗು ಚಾಚಿ ನಿಂತಿತು. ಹಿಂದೆ ಗಲ್ಲಿ ತುಂಬ ಕಾರು. ಅದರ ಹಿಂದೆ ಹೂಕೋಸು ತುಂಬಿದ ಒಂದು ಟೆಂಪೋ ಬಂದು ಬಾಟಲಿಗೆ ಬಿರಡೆ ಹಾಕಿದ ಹಾಗೆ ಕೂತಿತು. ನೆಗಡಿಯಪ್ಪ ಇದನ್ನೆಲ್ಲ ಮೂಗಿನಿಂದಲೇ, ಒಂದನ್ನೂ ಬಿಡದೆ ವರ್ಣಿಸಿದ. ಒಬ್ಬ ಟ್ಯಾಕ್ಸಿಯವನು ಫೋನು ಮಾಡಿ, ಆ ಅಮ್ಮ ಬಂದು ನನ್ನ ಕಾರನ್ನು ಎತ್ತಿ ಕೆಳಗಿಳಿಸಲಿ ಎಂದ.

ಬ್ರೇಕಮ್ಮ ಎದ್ದು ರೇಡಿಯೋ ಆರಿಸಿದರು. ಗೋಡೆಯ ನಕ್ಷೆಯನ್ನು ಕಿತ್ತು ಸುರುಳಿ ಸುತ್ತಿ ಅಲಮಾರಿಯ ಹಿಂದೆ ತುರುಕಿದರು. ಕಿಟಕಿಗೂ ಹೋಗಲಿಲ್ಲ. ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮಾರನೆಯ ದಿನವೂ ಅಷ್ಟೇ. ಕೆಳಗೆ ಒಂದು ಸ್ಕೂಟರು ತಪ್ಪು ದಾರಿಯಲ್ಲಿ ಬಂದು ಬಸ್ಸಿಗೆ ಅಡ್ಡ ನಿಂತಿತು. ಸೊಸೆ ಹೊಲಿಯುವುದು ಬಿಟ್ಟು ಅತ್ತೆಯ ಕೋಣೆಯ ಕಡೆ ಕಿವಿಗೊಟ್ಟಳು. ಅಲ್ಲಿಂದ ಒಂದು ಕೆಮ್ಮೂ ಬರಲಿಲ್ಲ.

ಹೊಲಿಗೆ ನೆಟ್ಟಗೆ ಬರುತ್ತಿತ್ತು. ಮನಸ್ಸು ಮಾತ್ರ ಸೊಟ್ಟಗಾಗುತ್ತ ಹೋಯಿತು. ಗಂಡನ ಬಳಿ ಹೇಳಿಕೊಂಡರೆ ಅವನು, ನಕ್ಷೆ ಮಾಡಿದವರು ಮೆಟ್ಟಿಲಿಗೆ ಬೇರೆ ಬಣ್ಣ ಕೊಡಬೇಕಿತ್ತು ಎಂದು ಶುರುಮಾಡಿದ. ಇವರಿಂದ ಆಗುವ ಕೆಲಸವಲ್ಲ ಎಂದು ಸೊಸೆ ತಾನೇ ಸ್ಟೇಷನ್ನಿಗೆ ಫೋನು ಮಾಡಿದಳು. ನಮ್ಮತ್ತೆಯಿಂದ ತಪ್ಪಾಯಿತು, ವಯಸ್ಸಾದವರು, ಹೊಟ್ಟೆಗೆ ಹಾಕಿಕೊಳ್ಳಿ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ನೆಗಡಿಯಪ್ಪ, ಒಂದು ನಿಮಿಷ ಇರಿ ಎಂದು ಮೂಗು ಸೀಟಿ ಬಂದ. ಆಮೇಲೆ ತನ್ನ ಕಷ್ಟ ಹೇಳಿಕೊಂಡ. ಅವತ್ತಿನಿಂದ ಫೋನು ಬಿಡುವು ಕೊಡುತ್ತಿಲ್ಲ. ಆ ಅಮ್ಮ ಎಲ್ಲಿ ಎಂದೇ ಎಲ್ಲರೂ ಕೇಳುವುದು. ಟ್ಯಾಕ್ಸಿಯವನಂತೂ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಹೂಕೋಸಿನ ಟೆಂಪೋದವನು ಮಾತ್ರ ಗಲ್ಲಿಯಲ್ಲೇ ಸರಕೆಲ್ಲ ಮಾರಿ ಮುಗಿಸಿ, ಮುಂದಿನ ಸಲ ಯಾವ ಗಲ್ಲಿ ಎಂದು ಕೇಳುತ್ತಿದ್ದಾನೆ. ಸ್ಟೇಷನ್ನು ಶುರುವಾದಾಗಿನಿಂದ ಇಷ್ಟು ಫೋನು ಬಂದದ್ದೇ ಇಲ್ಲ.

ಸೊಸೆ ಹೋಗಿ ಮಂಚದ ತುದಿಯಲ್ಲಿ ಕೂತಳು.

“ಅತ್ತೆ, ಅವರು ನಿಮ್ಮನ್ನ ಬೈಬೇಕಂತೆ.”

ಗೋಡೆಯ ಕಡೆಯಿಂದ ಪ್ರಶ್ನೆ ಬಂತು. “ಯಾರು?”

“ಊರಿಗೆ ಊರೇ. ಸಾಲಾಗಿ ಕಾಯ್ತಾ ಇದಾರಂತೆ.”

ಬ್ರೇಕಮ್ಮ ನಿಧಾನವಾಗಿ ಈ ಕಡೆ ಹೊರಳಿದರು. “ಸಾಲು ನಿಂತಿದಾರಾ? ಅಯ್ಯೋ, ಮೊದಲೇ ಹೇಳಬಾರದಾ. ಜನ ನಿಂತು ಕಾಯ್ತಾ ಇರೋವಾಗ ನಾನು ಮಲಗಿರೋದಾ?”

ಬೈಸಿಕೊಳ್ಳುವುದು ಅವರಿಗೆ ಹೊಸದಲ್ಲ. ಬಸ್ಸು ತಡವಾದರೆ, ಬೇಗ ಹೋದರೆ, ಚಿಲ್ಲರೆ ಇಲ್ಲದಿದ್ದರೆ, ಮಳೆ ಬಂದರೆ, ಎಲ್ಲಕ್ಕೂ ಬೈಸಿಕೊಂಡು ಬೆಳೆದ ಮೈ ಅದು. ಮುಖ ತೊಳೆದು ಫೋನಿನ ಮುಂದೆ ಕೂತರು. ನೆಗಡಿಯಪ್ಪ ರೇಡಿಯೋದಲ್ಲೇ ಒಬ್ಬೊಬ್ಬರನ್ನಾಗಿ ಲೈನಿಗೆ ಸೇರಿಸಿದ. ಟ್ಯಾಕ್ಸಿಯವನು ಮನಸಾರೆ ಬೈದ. ಅವನು ಮುಗಿಸುವವರೆಗೂ ಕಾದು ಬ್ರೇಕಮ್ಮ, ತಪ್ಪು ನನ್ನದೇ ಕಣಪ್ಪ, ಆದರೆ ಮೆಟ್ಟಿಲು ಕಂಡ ಮೇಲೂ ನೀನು ಮೂಗು ಯಾಕೆ ಚಾಚಿದೆ ಎಂದು ಕೇಳಿದರು. ಅವನು ನಕ್ಕುಬಿಟ್ಟ. ಆಮೇಲೆ ತನ್ನ ಕ್ಲಚ್ಚಿನ ತೊಂದರೆ ಹೇಳಿಕೊಂಡ. ಕ್ಲಚ್ಚಿನಿಂದ ಮಾತು ಅವನ ಸೊಂಟನೋವಿಗೆ ಬಂತು, ಸೊಂಟದಿಂದ ಅವನ ಭಾವಮೈದುನನಿಗೆ. ಹಿಂದೆ ಸಾಲಿನಲ್ಲಿದ್ದವರು ಯಾರೂ ಫೋನು ಇಡಲಿಲ್ಲ.

ಹೀಗೆ ಅದು ದಿನದ ಕಾರ್ಯಕ್ರಮವಾಯಿತು. ಸಂಜೆ ಹಡಗಿಗಾಗಿ ಸೇತುವೆ ಮೇಲೆದ್ದಾಗ ಎರಡೂ ಕಡೆ ವಾಹನಗಳು ಸುಮ್ಮನೆ ನಿಲ್ಲುತ್ತಿದ್ದವು. ಆ ಹೊತ್ತಿಗೆ ಬ್ರೇಕಮ್ಮ ಬರುತ್ತಿದ್ದರು. ನೆಗಡಿಯಪ್ಪ ಹಾಕಿದ ಷರತ್ತು ಒಂದೇ, ಯಾರಿಗೂ ದಾರಿ ಹೇಳಬಾರದು. ಬ್ರೇಕಮ್ಮನೂ ಒಪ್ಪಿದರು. ನಿಂತವರ ಜತೆ ಮಾತಾಡಲು ದಾರಿ ಯಾಕೆ ಬೇಕು.

ಮನೆಯಲ್ಲಿ ಈಗ ಕಾನೂನು ತಿರುಗಾಮುರುಗಾ ಆಯಿತು. ಆ ಅರ್ಧ ಗಂಟೆ ಮಷಿನ್ನಿನ ಸದ್ದು ಕೂಡದು ಎಂದು ಅತ್ತೆ ಅಪ್ಪಣೆ ಮಾಡಿದರು. ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸೊಸೆ ರೇಡಿಯೋವನ್ನು ಅಡುಗೆಮನೆಗೆ ಎತ್ತಿಕೊಂಡು ಹೋಗಿ, ಮೊದಮೊದಲು ಸಿಟ್ಟಿನಿಂದ, ಆಮೇಲೆ ತರಕಾರಿ ಹೆಚ್ಚುವುದು ಮರೆತು ಕೇಳುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಸಂಜೆ ಹೊತ್ತು ಸುಮ್ಮನೆ ಕೂತದ್ದು ಅವಳಿಗೆ ಇದೇ ಮೊದಲು. ಮಗನೂ ಎಲ್ಲಾದರೂ ಲಿಫ್ಟಿನ ತಲೆಯ ಮೇಲೆ ಕೂತು ಫೋನಿನಲ್ಲಿ ಹಾಕಿಕೊಳ್ಳುತ್ತಿದ್ದ. ಸದ್ದು ಇನ್ನೂ ಸ್ವಚ್ಛವಾಗಬೇಕು ಎಂಬ ದೂರು ಮಾತ್ರ ಬಿಟ್ಟಿರಲಿಲ್ಲ.

ಒಂದು ಸಂಜೆ ಒಬ್ಬ ಬಸ್ಸಿನ ಡ್ರೈವರು ಸೇತುವೆಯ ಬಳಿಯಿಂದ ಮಾತಾಡಿದ. ಮನೆಗೆ ಹೋದರೂ ಹೆಂಡತಿಯ ಮಿಕ್ಸಿ, ಮಗಳ ಪಿಟೀಲು, ಗದ್ದಲ ತಪ್ಪಿದ್ದಲ್ಲ ಎಂದು ಗೊಣಗಿದ. ಸೊಸೆ ಆಗ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದಳು. ಮುಚ್ಚಿದ ಬಾಗಿಲಿನ ಆಚೆ ಅತ್ತೆ ಏನೋ ಉದ್ದಕ್ಕೆ ಹೇಳುತ್ತಿದ್ದುದು ಅಸ್ಪಷ್ಟವಾಗಿ ಕಿವಿಗೆ ಬಿತ್ತು. “ಸೊಸೆ” ಎಂಬ ಮಾತೊಂದು ಸಿಕ್ಕಿತು. ನಲ್ಲಿ ನಿಲ್ಲಿಸಿದಳು. ಅಷ್ಟರಲ್ಲಿ ಅತ್ತೆ ಆ ಕಡೆ ಮಾತು ಮುಗಿಸಿದ್ದರು. ಆದರೆ ಆನ್‌ಲೈನ್ ರೇಡಿಯೋ ಯಾವತ್ತೂ ಒಂದಷ್ಟು ಹೊತ್ತು ಹಿಂದೆಯೇ. ಪಕ್ಕದ ಕೋಣೆಯ ಮಾತು ಸಮುದ್ರ ದಾಟಿ ಹೋಗಿ ಮತ್ತೆ ಸಮುದ್ರ ದಾಟಿ ಅಡುಗೆಮನೆಗೆ ಬರಬೇಕು. ಸೊಸೆ ಒದ್ದೆ ಕೈಯಲ್ಲೇ ನಿಂತು ಕಾದಳು. ಬಂತು.

“ನಮ್ಮನೇಲೂ ಒಬ್ಬಳು ಸೊಸೆ ಇದಾಳಪ್ಪ. ಅವಳ ಹೊಲಿಗೆ ಮಷಿನ್ನು ಹಳೇ ಡೀಸೆಲ್ ಬಸ್ಸೇ, ಆ ನಮೂನೆ ಸದ್ದು. ಆದ್ರೆ ನಾನು ಮಂಡಿ ನೋವಿಗೆ ಬೆಳಿಗ್ಗೆ ಎಚ್ಚರ ಆಗಿ ಮಲಗಿರ್ತೀನಲ್ಲ, ಆ ಸದ್ದು ಶುರುವಾದ್ರೆ ಅನಿಸುತ್ತೆ, ಗಾಡಿ ಓಡ್ತಾ ಇದೆ, ಒಳ್ಳೆಯವರ ಕೈಲಿದೆ, ನಾನು ಇನ್ನೊಂದು ಗಳಿಗೆ ಕಣ್ಣು ಮುಚ್ಚಬಹುದು ಅಂತ.”

ಡ್ರೈವರು ಏನೋ ಅಂದ. ಸೊಸೆಗೆ ಅದು ಕೇಳಿಸಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡಳು, ಕೈ ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.

ಬಾಗಿಲು ತೆರೆದು ಬ್ರೇಕಮ್ಮ ಹೊರಗೆ ಬಂದರು. ಮಾತಾಡಿ ಮಾತಾಡಿ ಗಂಟಲು ಕಟ್ಟಿತ್ತು. ಬಿಸಿನೀರು ಕೊಡಮ್ಮ ಎಂದರು. ಸೊಸೆ ಲೋಟ ತಂದಿಟ್ಟಳು. ಅವರು ಒಂದು ಗುಟುಕು ಕುಡಿದು ಲೋಟದೊಳಗೆ ಬಗ್ಗಿ ನೋಡಿದರು.

“ಇದೇನು, ಇವತ್ತು ಜೇನುತುಪ್ಪ?”

“ಡಬ್ಬಿ ಖಾಲಿಯಾಗಬೇಕಿತ್ತು ಅತ್ತೆ,” ಎಂದು ಹೇಳಿ ಸೊಸೆ ಮಷಿನ್ನಿನ ಮುಂದೆ ಕೂತಳು.